ಊರಿನವರಿಗಾಗಿ ಒಂದು ಹಾಳೆ ಮಾಡುತ್ತಿದ್ದೇನೆ: ಮೋಸದ ಬಗ್ಗೆ ಏನೇನು ಬರೆಯಬೇಕು, ಹೇಳಿ (ಹಾಸನ, ಚಿಕ್ಕಮಗಳೂರು ಕಡೆಯವರು)

ಆಲೂರು_ಸೇವಾಕೇಂದ್ರ

ಎಲ್ಲರಿಗೂ ನಮಸ್ಕಾರ. ಆಲೂರು ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಆನ್‌ಲೈನ್ ಸೇವಾ ಕೇಂದ್ರ ನಡೆಸುತ್ತಿದ್ದೇನೆ. ಪಹಣಿ, ಆದಾಯ ಪ್ರಮಾಣಪತ್ರ, ಕರೆಂಟ್ ಬಿಲ್ ಅಂತ ದಿನವೂ ಜನ ಬರುತ್ತಾರೆ. ಈಗೀಗ ಇನ್ನೊಂದು ಕಾರಣಕ್ಕೂ ಬರುತ್ತಿದ್ದಾರೆ. ಫೋನನ್ನು ನನ್ನ ಕೈಗೆ ಕೊಟ್ಟು, "ಇದೇನಾಗಿದೆ ನೋಡಪ್ಪ, ಖಾತೇಲಿ ದುಡ್ಡೇ ಇಲ್ಲ" ಎನ್ನುತ್ತಾರೆ.

ಹಾಲಿನ ಡೈರಿ, ಸೊಸೈಟಿ, ನ್ಯಾಯಬೆಲೆ ಅಂಗಡಿ, ಈ ಮೂರು ಕಡೆ ಅಂಟಿಸಲು ಒಂದು ಹಾಳೆ ಮಾಡಬೇಕು ಅಂದುಕೊಂಡಿದ್ದೇನೆ. ಪತ್ರಿಕೆಯಲ್ಲಿ ಬರುವ ಎಚ್ಚರಿಕೆಗಳು ಬೆಂಗಳೂರಿನವರಿಗೆ ಬರೆದ ಹಾಗಿರುತ್ತವೆ. ನಮ್ಮ ಕಡೆ ನಿಜವಾಗಿ ಏನು ನಡೆಯುತ್ತಿದೆಯೋ ಅದು ಬೇಕು.

ನನ್ನ ಕೇಂದ್ರದಲ್ಲಿ ಜಾಸ್ತಿ ಕಾಣುವುದು ವಾಟ್ಸ್‌ಆ್ಯಪ್‌ನಲ್ಲಿ ಬರುವ ಎಪಿಕೆ ಫೈಲ್, ಅಂದರೆ ಒತ್ತಿದರೆ ಫೋನಿಗೆ ಆ್ಯಪ್ ಹಾಕುವ ಫೈಲ್. ಒಂದು ದಿನ ಪಿಎಂ ಕಿಸಾನ್ ಹೆಸರಲ್ಲಿ ಬರುತ್ತದೆ, ಇನ್ನೊಂದು ದಿನ ಗಾಡಿಯ ದಂಡದ ಹೆಸರಲ್ಲಿ, ಮದುವೆ ಸೀಸನ್‌ನಲ್ಲಿ ಆಮಂತ್ರಣ ಪತ್ರಿಕೆಯ ಹೆಸರಲ್ಲಿ. ಅದೂ ಗೊತ್ತಿರುವವರ ನಂಬರಿನಿಂದಲೇ ಬರುತ್ತದೆ, ಯಾಕೆಂದರೆ ಅವರ ಫೋನ್ ಆಗಲೇ ಕಳ್ಳರ ಕೈಗೆ ಹೋಗಿರುತ್ತದೆ. ಒತ್ತಿ ಇನ್‌ಸ್ಟಾಲ್ ಮಾಡಿ, ಅದು ಕೇಳಿದ್ದಕ್ಕೆಲ್ಲ ಹೂಂ ಅಂದರೆ, ಒಟಿಪಿ ಬರುವ ಮೆಸೇಜನ್ನು ಅವರು ಅಲ್ಲಿಂದಲೇ ಓದುತ್ತಾರೆ. ನೀವು ಯಾರಿಗೂ ಒಟಿಪಿ ಹೇಳಿರುವುದೇ ಇಲ್ಲ, ಆದರೂ ದುಡ್ಡು ಹೋಗುತ್ತದೆ.

ಆದರೆ ನನಗೆ ನಿಜಕ್ಕೂ ಸಂಕಟ ಆಗುವುದು ಬೇರೆ ವಿಷಯಕ್ಕೆ. ಬಹಳ ಜನ ಎರಡು ಮೂರು ದಿನ ಬಿಟ್ಟು ಬರುತ್ತಾರೆ. ಯಾಕೆ ಅಂತ ಕೇಳಿದರೆ, ಮನೆಯಲ್ಲಿ ಬೈತಾರೆ ಅಂತ ಹೇಳಿರಲಿಲ್ಲ ಎನ್ನುತ್ತಾರೆ. ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಅದೇ ಗಂಟೆಯಲ್ಲಿ ಫೋನ್ ಮಾಡಿದ್ದರೆ ಸಿಗಬಹುದಾಗಿದ್ದ ಹಣ ಅಷ್ಟರಲ್ಲಿ ನಾಲ್ಕೈದು ಖಾತೆ ದಾಟಿರುತ್ತದೆ. ಹಾಗಾಗಿ ಹಾಳೆಯ ಮೇಲ್ಭಾಗದಲ್ಲಿ ಮೋಸದ ಬಗೆಗಳನ್ನು ಬರೆಯುವ ಬದಲು "ಹೋಯಿತಾ? ಈಗಲೇ ಹೇಳಿ, ಯಾರೂ ಬೈಯುವುದಿಲ್ಲ" ಅಂತ ಬರೆಯೋಣ ಅಂತಿದ್ದೇನೆ. ಏನಂತೀರಿ?

ಬೇಲೂರು_ಮೇಷ್ಟ್ರು

ಒಳ್ಳೆಯ ಕೆಲಸ ತಮ್ಮ. ಆದರೆ ಒಂದು ಮಾತು. ಆಸೆ ಇಲ್ಲದವನು ಮೋಸ ಹೋಗುವುದಿಲ್ಲ. ಹತ್ತು ಸಾವಿರ ಹಾಕಿದರೆ ತಿಂಗಳಲ್ಲಿ ಇಪ್ಪತ್ತು ಅಂದಾಗ ನಂಬಿದವರಿಗೆ ಬೈಯದೆ ಇನ್ನೇನು ಮಾಡುವುದು? ಹಾಳೆಯಲ್ಲಿ ಅದನ್ನೂ ಗಟ್ಟಿಯಾಗಿ ಬರೆಯಿರಿ.

ಮೂಡಿಗೆರೆ_ಹೋಂಸ್ಟೇ

ಮೇಷ್ಟ್ರೇ, ಗೌರವ ಇಟ್ಟುಕೊಂಡೇ ಹೇಳುತ್ತೇನೆ, ಇದನ್ನು ನಾನು ಒಪ್ಪುವುದಿಲ್ಲ. ನಮ್ಮ ಗೇಟಿನ ಮುಂದೆ ಶನಿವಾರ ರಾತ್ರಿ ಮಳೆಯಲ್ಲಿ ಮಕ್ಕಳನ್ನು ಕಟ್ಟಿಕೊಂಡು ನಿಂತಿದ್ದ ಕುಟುಂಬಕ್ಕೆ ಯಾವ ದುರಾಸೆ ಇತ್ತು? ಒಂದು ರಾತ್ರಿ ಉಳಿಯಲು ರೂಮಿಗೆ ಅಡ್ವಾನ್ಸ್ ಕೊಟ್ಟಿದ್ದರು, ಅಷ್ಟೇ.

ನಮ್ಮ ಮನೆಯ ಫೋಟೊಗಳನ್ನು ಕದ್ದು, ನಮ್ಮದೇ ಹೆಸರಿಗೆ ಒಂದಕ್ಷರ ಸೇರಿಸಿ, ಇನ್‌ಸ್ಟಾಗ್ರಾಂ ಪುಟ ಮಾಡಿದ್ದಾರೆ. ಗೂಗಲ್ ಮ್ಯಾಪ್‌ನಲ್ಲಿ ನಮ್ಮ ಜಾಗಕ್ಕೆ ಯಾರೋ "ತಿದ್ದುಪಡಿ ಸೂಚಿಸಿ" ಎಂಬಲ್ಲಿ ಹೋಗಿ ಫೋನ್ ನಂಬರನ್ನೇ ಬದಲಾಯಿಸಿದ್ದರು. ಅತಿಥಿಗಳು ಫೋನ್ ಮಾಡಿದ್ದು ಕಳ್ಳನಿಗೆ. ಅವನು ಚೆನ್ನಾಗಿ ಮಾತಾಡಿ, ದರ ಸ್ವಲ್ಪ ಕಡಿಮೆ ಮಾಡಿ, "ವೀಕೆಂಡ್ ಸರ್, ಒಂದೇ ರೂಮ್ ಉಳಿದಿದೆ, ಹತ್ತು ನಿಮಿಷದಲ್ಲಿ ಹಾಕಿಬಿಡಿ" ಅಂತ ಕ್ಯೂಆರ್ ಕಳಿಸಿದ್ದಾನೆ. ಮುಳ್ಳಯ್ಯನಗಿರಿ ನೋಡಿಕೊಂಡು, ಕತ್ತಲಾದ ಮೇಲೆ ನಮ್ಮ ಗೇಟಿಗೆ ಬಂದಾಗಲೇ ಅವರಿಗೆ ಗೊತ್ತಾಗಿದ್ದು.

ಇದನ್ನು ಓದುತ್ತಿರುವ ಹೋಂಸ್ಟೇ ಮಾಲೀಕರಿಗೆ: ಗೂಗಲ್‌ನಲ್ಲಿ ನಿಮ್ಮ ಜಾಗವನ್ನು ನಿಮ್ಮ ಹೆಸರಿಗೆ ದೃಢಪಡಿಸಿಕೊಳ್ಳಿ, ಸುಮ್ನೆ ಬಿಡಬೇಡಿ. ವಾರಕ್ಕೊಮ್ಮೆ ಬೇರೆ ಫೋನಿನಿಂದ ನಿಮ್ಮ ಹೆಸರನ್ನು ನೀವೇ ಹುಡುಕಿ, ಯಾವ ನಂಬರ್ ಬರುತ್ತದೆ ನೋಡಿ. ಕಳ್ಳನ ನಂಬರ್ ಸಿಕ್ಕರೆ ಕೇಂದ್ರ ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಜಾಲತಾಣದಲ್ಲಿ, ಮೋಸದ ಕರೆಗಳ ದೂರಿಗೆ ಇರುವ ಚಕ್ಷು ವಿಭಾಗದಲ್ಲಿ ದೂರು ಹಾಕಿ.

ಬರುವವರಿಗೆ: ಅಡ್ವಾನ್ಸ್ ಹಾಕುವ ಮೊದಲು ವಿಡಿಯೊ ಕರೆ ಮಾಡಿ, "ಗೇಟ್ ತೋರಿಸಿ, ಅಡುಗೆಮನೆ ತೋರಿಸಿ" ಅಂತ ಕೇಳಿ. ನಿಜವಾದ ಮನೆಯವರು ತೋರಿಸುತ್ತಾರೆ. ನಮ್ಮಲ್ಲಿ ನೆಟ್‌ವರ್ಕ್ ಇಲ್ಲದಿದ್ದರೆ ಸಿಗ್ನಲ್ ಇರುವ ಜಾಗಕ್ಕೆ ಬಂದಾದರೂ ಮಾತಾಡುತ್ತೇವೆ. ಪ್ರವಾಸೋದ್ಯಮ ಇಲಾಖೆಯ ನೋಂದಣಿ ಪ್ರಮಾಣಪತ್ರ ಕೇಳಿ. ಹಣ ಹಾಕುವಾಗ ಪರದೆ ಮೇಲೆ ಯಾರ ಹೆಸರು ಬರುತ್ತದೆ ಓದಿ. ಮಾತಾಡಿದವರ ಹೆಸರೇ ಒಂದು, ಅಲ್ಲಿ ಬರುವ ಹೆಸರೇ ಇನ್ನೊಂದು ಆದರೆ ನಿಲ್ಲಿಸಿ.

ಆ ರಾತ್ರಿ ಆ ಕುಟುಂಬಕ್ಕೆ ನಮ್ಮ ಹಾಲ್‌ನಲ್ಲಿ ಹಾಸಿಗೆ ಹಾಕಿಕೊಟ್ಟೆವು. ಆ ತಾಯಿ ಇಡೀ ಹೊತ್ತು ಗಂಡನಿಗೆ ಬೈಯುತ್ತಿದ್ದರು, ಅವರು ತಲೆ ಎತ್ತಲೇ ಇಲ್ಲ. ಫೋನ್ ಇಸಕೊಂಡು 1930ಕ್ಕೆ ಹಚ್ಚಿಕೊಟ್ಟಿದ್ದು ನಾವು.

ಬ್ಯಾಂಕ್_ಕೌಂಟರ್

ಹಾಸನದ ಒಂದು ಬ್ಯಾಂಕ್ ಶಾಖೆಯಲ್ಲಿ ಕೌಂಟರಿನಲ್ಲಿ ಕೂರುವವನು ನಾನು. ಮೊದಲ ಪೋಸ್ಟ್ ಹಾಕಿದವರು ಹೇಳಿದ್ದು ಸರಿ. ಸಮಯವೇ ಎಲ್ಲ.

1930ಕ್ಕೆ ಹೇಳಿದಾಗ ಏನಾಗುತ್ತದೆ ಅಂತ ಗೊತ್ತಾದರೆ ಜನ ಬೇಗ ಮಾಡುತ್ತಾರೆ, ಅದಕ್ಕೆ ಬರೆಯುತ್ತಿದ್ದೇನೆ. ಆ ಕರೆ ಕೇಂದ್ರ ಗೃಹ ಇಲಾಖೆಯ ವ್ಯವಸ್ಥೆಯೊಳಗೆ ದಾಖಲಾಗುತ್ತದೆ. ನಿಮ್ಮ ಹಣ ಯಾವ ಬ್ಯಾಂಕಿನ ಖಾತೆಗೆ ಹೋಗಿದೆಯೋ ಆ ಬ್ಯಾಂಕಿಗೆ ತಕ್ಷಣ ಸೂಚನೆ ಹೋಗುತ್ತದೆ. ಅಲ್ಲಿ ಹಣ ಇನ್ನೂ ಇದ್ದರೆ ತಡೆಹಿಡಿಯುತ್ತಾರೆ. ದಾಟಿ ಹೋಗಿದ್ದರೆ ಮುಂದಿನ ಬ್ಯಾಂಕಿಗೆ ಸೂಚನೆ. ಎಟಿಎಂನಿಂದ ನಗದು ತೆಗೆದುಬಿಟ್ಟರೆ ಮುಗಿಯಿತು. ಫೋನ್ ಮಾಡುವಾಗ ಕೈಯಲ್ಲಿ ಇರಬೇಕಾದ್ದು: ಹಣ ಹೋದ ಸಮಯ, ಮೊತ್ತ, ನಿಮ್ಮ ಖಾತೆ ಸಂಖ್ಯೆ, ಮೆಸೇಜಿನಲ್ಲಿ ಬಂದ ವಹಿವಾಟಿನ ಸಂಖ್ಯೆ. ಕರೆ ಸಿಗದಿದ್ದರೆ ಸೈಬರ್‌ಕ್ರೈಮ್ ಡಾಟ್ ಜಿಒವಿ ಡಾಟ್ ಇನ್‌ನಲ್ಲಿ ನೀವೇ ದಾಖಲಿಸಬಹುದು. ದೂರಿನ ಸಂಖ್ಯೆ ಕೊಡುತ್ತಾರೆ, ಬರೆದಿಟ್ಟುಕೊಳ್ಳಿ. ಆಮೇಲೆ ಜಿಲ್ಲೆಯ ಸೆನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ) ಪೊಲೀಸ್ ಠಾಣೆ. ಹಾಸನದಲ್ಲೂ ಇದೆ, ಚಿಕ್ಕಮಗಳೂರಿನಲ್ಲೂ ಇದೆ.

ಬ್ಯಾಂಕಿಗೂ ಅದೇ ದಿನ ತಿಳಿಸಿ, ಲಿಖಿತವಾಗಿ. ರಿಸರ್ವ್ ಬ್ಯಾಂಕ್ 2017ರ ಜುಲೈ 6ರಂದು ಒಂದು ಸುತ್ತೋಲೆ ಹೊರಡಿಸಿದೆ. ಬ್ಯಾಂಕಿನ ತಪ್ಪೂ ಇಲ್ಲದೆ, ನಿಮ್ಮ ತಪ್ಪೂ ಇಲ್ಲದೆ ಹೊರಗಿನವರ ಕೈಚಳಕದಿಂದ ಹಣ ಹೋಗಿದ್ದರೆ, ಬ್ಯಾಂಕಿನ ಮಾಹಿತಿ ಬಂದ ಮೂರು ಕೆಲಸದ ದಿನಗಳಲ್ಲಿ ತಿಳಿಸಿದರೆ ನಿಮ್ಮ ಮೇಲೆ ಒಂದು ರೂಪಾಯಿ ಹೊಣೆಯೂ ಇಲ್ಲ. ನಾಲ್ಕರಿಂದ ಏಳು ಕೆಲಸದ ದಿನದೊಳಗೆ ಆದರೆ ಹೊಣೆಗೆ ಮಿತಿ ಇದೆ, ಮಾಮೂಲಿ ಉಳಿತಾಯ ಖಾತೆಗೆ 10,000 ರೂಪಾಯಿ. ಪಿನ್ ಅಥವಾ ಒಟಿಪಿಯನ್ನು ನೀವೇ ಹೇಳಿದ್ದರೆ, ತಿಳಿಸುವವರೆಗಿನ ನಷ್ಟ ನಿಮ್ಮದು. ಆದರೆ ತಿಳಿಸಿದ ಮೇಲೆ ಹೋಗುವ ಹಣ ಬ್ಯಾಂಕಿನ ಹೊಣೆ. ಅಂದರೆ ತಪ್ಪು ನಿಮ್ಮದೇ ಆಗಿದ್ದರೂ ಬೇಗ ಹೇಳಿದರೆ ಲಾಭವೇ. ಸ್ವೀಕೃತಿ ಕೊಡದೆ ಯಾರಾದರೂ ವಾಪಸ್ ಕಳಿಸಿದರೆ ಒಪ್ಪಬೇಡಿ. ಅರ್ಜಿಯ ನಕಲಿನ ಮೇಲೆ ಸೀಲು, ದಿನಾಂಕ ಹಾಕಿಸಿಕೊಂಡೇ ಬನ್ನಿ.

ಬೇಲೂರು_ಮೇಷ್ಟ್ರು

ಹೋಂಸ್ಟೇ ತಾಯಿ, ನಿಮ್ಮ ಮಾತು ಓದಿ ಯೋಚಿಸಿದೆ. ನನ್ನ ಜೊತೆ ಕೆಲಸ ಮಾಡಿ ನಿವೃತ್ತರಾದ ಒಬ್ಬರ ವಿಷಯ ಹೇಳುತ್ತೇನೆ. ಅವರಷ್ಟು ಲೆಕ್ಕಾಚಾರದ ಮನುಷ್ಯರನ್ನು ನಾನು ಕಂಡಿಲ್ಲ. ಯಾವ ಸ್ಕೀಮಿಗೂ ಕೈ ಹಾಕಿದವರಲ್ಲ.

ಬೆಳಗ್ಗೆ ಒಂದು ಕರೆ. ನಿಮ್ಮ ಆಧಾರ್‌ನಲ್ಲಿ ತೆಗೆದ ಸಿಮ್ ಅಪರಾಧಕ್ಕೆ ಬಳಕೆಯಾಗಿದೆ ಅಂತ. ಆಮೇಲೆ ವಿಡಿಯೊದಲ್ಲಿ ಪೊಲೀಸ್ ಸಮವಸ್ತ್ರದವನು, ಹಿಂದೆ ಠಾಣೆಯ ಗೋಡೆ, ಲಾಂಛನ ಎಲ್ಲ. "ನಿಮ್ಮನ್ನು ಡಿಜಿಟಲ್ ಅರೆಸ್ಟ್ ಮಾಡಿದ್ದೇವೆ. ಕ್ಯಾಮೆರಾ ಆರಿಸುವಂತಿಲ್ಲ. ಹೆಂಡತಿಗೂ ಹೇಳುವಂತಿಲ್ಲ, ಹೇಳಿದರೆ ಅವರೂ ಆರೋಪಿ." ರಾತ್ರಿಯೆಲ್ಲ ಫೋನ್ ಮುಂದೆ ಕೂತಿದ್ದರಂತೆ. ಮರುದಿನ ಎಫ್‌ಡಿ ಮುರಿಸಲು ಬ್ಯಾಂಕಿಗೆ ಹೊರಟಿದ್ದರು. ಬ್ಯಾಂಕಿನಲ್ಲಿ ಕೇಳಿದರೆ ಮಗಳ ಮನೆಗೆ ಅಂತ ಹೇಳಬೇಕು ಎಂದೂ ಆ ಕಳ್ಳರೇ ಹೇಳಿಕೊಟ್ಟಿದ್ದರು. ಏಣಿ ವಾಪಸ್ ಕೊಡಲು ಬಂದ ಪಕ್ಕದ ಮನೆಯ ಹುಡುಗ ಇವರ ಮುಖ ನೋಡಿ "ಹುಷಾರಿಲ್ವಾ ಸಾರ್" ಅಂದನಂತೆ. ಅಳು ಬಂದುಬಿಟ್ಟಿತು. ಆಗ ಬಾಯಿ ಬಿಟ್ಟರು.

ಇವರಿಗೆ ಆಸೆ ಇರಲಿಲ್ಲ. ಇದ್ದದ್ದು ಮರ್ಯಾದೆಯ ಭಯ. ನನ್ನ ಮೊದಲ ಮಾತನ್ನು ವಾಪಸ್ ತೆಗೆದುಕೊಳ್ಳುತ್ತೇನೆ. ತಮ್ಮ, ನಿನ್ನ ಹಾಳೆಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆ: ನಮ್ಮ ದೇಶದ ಕಾನೂನಿನಲ್ಲಿ ಡಿಜಿಟಲ್ ಅರೆಸ್ಟ್ ಎಂಬುದೇ ಇಲ್ಲ. ಪ್ರಧಾನಿಯವರೇ 2024ರ ಅಕ್ಟೋಬರ್ 27ರ ರೇಡಿಯೊ ಮಾತಿನಲ್ಲಿ ಇದನ್ನು ಹೇಳಿದ್ದರು. ಪೊಲೀಸರು ವಿಡಿಯೊ ಕರೆಯಲ್ಲಿ ಬಂಧಿಸುವುದಿಲ್ಲ, ಪರಿಶೀಲನೆಗೆ ಅಂತ ಹಣ ಹಾಕಿಸಿಕೊಳ್ಳುವುದೂ ಇಲ್ಲ.

"ಮನೆಯವರಿಗೆ ಹೇಳಬೇಡಿ" ಅಂತ ಯಾರೇ ಹೇಳಿದರೂ, ಮೊದಲು ಮನೆಯವರಿಗೇ ಹೇಳಬೇಕು.

ಆಲೂರು_ಸೇವಾಕೇಂದ್ರ

ಮೇಷ್ಟ್ರೇ, ಕಡೆಯ ಸಾಲನ್ನು ಹಾಗೇ ಹಾಳೆಗೆ ಹಾಕುತ್ತೇನೆ. ತುಂಬಾ ಥ್ಯಾಂಕ್ಸ್.

ಹಾನುಬಾಳು_ತೋಟ

ಫೋನಿನ ಮೋಸದ ಬಗ್ಗೆಯೇ ಮಾತು ಹೋಗುತ್ತಿದೆ. ಸಕಲೇಶಪುರ ಕಡೆ ಸಣ್ಣ ಬೆಳೆಗಾರರಿಗೆ ದೊಡ್ಡ ಪೆಟ್ಟು ಬೀಳುತ್ತಿರುವುದು ಬೇರೆ ಎರಡು ಕಡೆ.

ಒಂದು, ಆಳುಗಳ ಅಡ್ವಾನ್ಸ್. ಕೊಯ್ಲಿಗೆ ಜನ ಸಿಗುವುದಿಲ್ಲ ಅಂತ ಎಲ್ಲರಿಗೂ ಗೊತ್ತು. ಅರೇಬಿಕಾ ನವೆಂಬರ್, ಡಿಸೆಂಬರ್‌ನಲ್ಲಿ ಹಣ್ಣಾಗುತ್ತದೆ, ಆಮೇಲೆ ರೋಬಸ್ಟಾ. ಹಣ್ಣು ನೆಲಕ್ಕೆ ಉದುರುತ್ತಿರುವಾಗ ಯಾರೋ ಮೇಸ್ತ್ರಿ ಅಂತ ಫೋನ್ ಮಾಡುತ್ತಾನೆ. "ಅಸ್ಸಾಂನಿಂದ ಇಪ್ಪತ್ತು ಜನ ರೆಡಿ ಇದ್ದಾರೆ ಅಣ್ಣ, ರೈಲು ಚಾರ್ಜು ಮತ್ತು ಮನೆಗೆ ಸ್ವಲ್ಪ ದುಡ್ಡು ಕೊಟ್ಟರೆ ನಾಳೆಯೇ ಹೊರಡುತ್ತಾರೆ." ಆಧಾರ್ ಕಾರ್ಡಿನ ಫೋಟೊಗಳು, ಸ್ಟೇಷನ್‌ನಲ್ಲಿ ಜನ ಕೂತಿರುವ ವಿಡಿಯೊ, ಟಿಕೆಟ್, ಎಲ್ಲ ಬರುತ್ತದೆ. ಅದೇ ವಿಡಿಯೊ ಆಲ್ದೂರಿನವರಿಗೂ ಹೋಗಿರುತ್ತದೆ, ಕಳಸದವರಿಗೂ ಹೋಗಿರುತ್ತದೆ. ದುಡ್ಡು ಹಾಕಿದ ಮೇಲೆ ಒಂದು ದಿನ ರೈಲು ಲೇಟು, ಎರಡನೇ ದಿನ ಯಾರಿಗೋ ಜ್ವರ, ಮೂರನೇ ದಿನ ಫೋನ್ ಸ್ವಿಚ್ ಆಫ್. ಇನ್ನು ಕೆಲವರು ನಿಜವಾಗಿಯೂ ಬರುತ್ತಾರೆ. ಲೈನ್ ಮನೆಯಲ್ಲಿ (ತೋಟದ ಕೆಲಸದವರ ಸಾಲು ಮನೆ) ಎರಡು ದಿನ ಇದ್ದು, ರೇಷನ್ನಿಗೆ ಅಂತ ಇನ್ನಷ್ಟು ಇಸಕೊಂಡು, ರಾತ್ರೋರಾತ್ರಿ ಬೇರೆ ತೋಟಕ್ಕೆ ಹೋಗುತ್ತಾರೆ. ಆ ಕೆಲಸದವರನ್ನು ದೂರಿ ಪ್ರಯೋಜನವಿಲ್ಲ. ಎಷ್ಟೋ ಸಲ ಅವರಿಗೂ ಮೇಸ್ತ್ರಿ ಕೂಲಿ ಕೊಟ್ಟಿರುವುದಿಲ್ಲ, ಇಬ್ಬರಿಗೂ ಟೋಪಿ ಹಾಕಿರುತ್ತಾನೆ.

ನಮ್ಮ ಕಡೆ ಈಗ ಐದಾರು ತೋಟದವರು ಸೇರಿ ಒಂದು ಪದ್ಧತಿ ಮಾಡಿಕೊಂಡಿದ್ದೇವೆ. ಹೊಸ ಮೇಸ್ತ್ರಿಗೆ ಮುಂಗಡ ಇಲ್ಲ. ಜನ ಗೇಟಿಗೆ ಬಂದಿಳಿದ ಮೇಲೆ ಪ್ರಯಾಣದ ಖರ್ಚು. ಹಿಂದಿನ ವರ್ಷ ಅವನು ಯಾವ ತೋಟಕ್ಕೆ ಜನ ಕೊಟ್ಟಿದ್ದ ಅಂತ ಕೇಳಿ, ಆ ತೋಟದ ರೈಟರ್ (ಲೆಕ್ಕ, ಕೆಲಸ ನೋಡಿಕೊಳ್ಳುವವರು) ನಂಬರನ್ನು ಅವನಿಂದ ಇಸಕೊಳ್ಳದೆ ನಾವೇ ಹುಡುಕಿ ಫೋನ್ ಮಾಡುತ್ತೇವೆ. ಬಂದವರ ವಿವರ ಠಾಣೆಗೆ ಕೊಡುತ್ತೇವೆ. ವಾರದ ಬಟವಾಡೆಯನ್ನು ಮೇಸ್ತ್ರಿ ಕೈಗೆ ಕೊಡದೆ ಕೆಲಸದವರ ಕೈಗೇ ಕೊಡುತ್ತೇವೆ. ಕಡೆಯದಕ್ಕೆ ಕೆಲವು ಮೇಸ್ತ್ರಿಗಳು ಸಿಟ್ಟಾದರು. ಆಗಲಿ.

ಎರಡನೆಯದು, ಕಾಫಿ ಡಿಪಾಸಿಟ್. ಬೆಲೆ ಏರುತ್ತದೆ ಅಂತ ಕಾದು, ಮೂಟೆಗಳನ್ನು ವ್ಯಾಪಾರಿಯ ಗೋದಾಮಿನಲ್ಲಿ ಇಟ್ಟು, ಒಂದು ಬಿಳಿ ಚೀಟಿ ತೆಗೆದುಕೊಂಡು ಬರುವ ಅಭ್ಯಾಸ ನಮ್ಮಲ್ಲಿ ಅಪ್ಪನ ಕಾಲದಿಂದಲೂ ಇದೆ. ನಂಬಿಕೆಯ ಮೇಲೆ ನಡೆದುಕೊಂಡು ಬಂದಿದೆ. ಆದರೆ ಬೆಲೆ ಜೋರಾಗಿ ಮೇಲೆ ಹೋದಾಗ, ನಾವು ಇಟ್ಟ ಕಾಫಿಯನ್ನು ಮೊದಲೇ ಕಡಿಮೆ ದರಕ್ಕೆ ಮಾರಿಕೊಂಡ ವ್ಯಾಪಾರಿ ನಮಗೆ ಕೊಡಲಾರದೆ ಊರು ಬಿಡುತ್ತಾನೆ. ಆಗ ನಮ್ಮ ಕೈಯಲ್ಲಿ ಇರುವುದು ಸಹಿ ಕೂಡ ಇಲ್ಲದ ಚೀಟಿ. ಮನೆಯಲ್ಲಿ ಜಾಗ ಇದ್ದರೆ ಮನೆಯಲ್ಲೇ ಇಡಿ. ಇಲ್ಲದಿದ್ದರೆ ತೂಕ, ತೇವಾಂಶ, ಔಟ್‌ಟರ್ನ್ (ಸಿಪ್ಪೆ ಹೋಗಿ ಸಿಗುವ ಬೀಜದ ಪ್ರಮಾಣ), ದಿನಾಂಕ, ಸಹಿ, ಸೀಲು ಇರುವ ರಸೀದಿ ಇಲ್ಲದೆ ಒಂದು ಮೂಟೆಯೂ ಗೇಟ್ ದಾಟಬಾರದು. "ಇಷ್ಟು ವರ್ಷದ ಪರಿಚಯ, ರಸೀದಿ ಕೇಳ್ತೀರಾ" ಅಂದರೆ ಹೌದು, ಕೇಳುತ್ತೇವೆ ಅನ್ನಿ.

ಅರಕಲಗೂಡು_ಶುಂಠಿ

ತೋಟದ ಅಣ್ಣ ಹೇಳಿದ್ದು ನೂರಕ್ಕೆ ನೂರು. ನಮ್ಮಲ್ಲಿ ಆಲೂಗಡ್ಡೆ ಬಿತ್ತನೆ ಬೀಜಕ್ಕೂ ಇದೇ ಕಥೆ. ಪಂಜಾಬಿನ ಬೀಜ ಅಂತ ಹೇಳಿ ತಿನ್ನುವ ಗೆಡ್ಡೆ ಕೊಡುತ್ತಾರೆ. ಚೀಲದ ಮೇಲಿನ ಲೇಬಲ್ಲು, ಬಿಲ್ಲು ಎರಡನ್ನೂ ಬೆಳೆ ಮುಗಿಯುವವರೆಗೆ ಎತ್ತಿಡಿ. ಬೆಳೆ ಕೈಕೊಟ್ಟಾಗ ತೋಟಗಾರಿಕೆ ಇಲಾಖೆಯವರು ಮೊದಲು ಕೇಳುವುದೇ ಬಿಲ್ಲನ್ನು.

ನನ್ನದೊಂದು ದೊಡ್ಡ ಪ್ರಶ್ನೆ ಇದೆ, ರಾತ್ರಿ ಕೂತು ಬರೆಯುತ್ತೇನೆ. ಈಗ ನೀರು ಬಿಡಬೇಕು.

ಹಾಸನ_ಇಂಜಿನಿಯರಿಂಗ್

ನಾನು ಹಾಸನದಲ್ಲಿ ಓದುತ್ತಿರುವ ವಿದ್ಯಾರ್ಥಿನಿ. ದೊಡ್ಡವರು ದುಡ್ಡು ಹೋಗುವುದರ ಬಗ್ಗೆ ಬರೆದಿದ್ದೀರಿ. ಆ ದುಡ್ಡು ಹೋಗುವ ಖಾತೆಗಳಲ್ಲಿ ಕೆಲವು ನಮ್ಮಂಥ ಹುಡುಗ ಹುಡುಗಿಯರ ಹೆಸರಲ್ಲಿ ಇರುತ್ತವೆ. ಇದನ್ನು ಯಾರೂ ನಮಗೆ ಹೇಳುವುದಿಲ್ಲ.

ಪಿಜಿಗೆ ಯಾರೋ ಸೀನಿಯರ್ ಪರಿಚಯದವರು ಅಂತ ಬರುತ್ತಾರೆ. "ಒಂದು ಖಾತೆ ತೆಗೆದು, ಎಟಿಎಂ ಕಾರ್ಡು, ಸಿಮ್ಮು ನಮಗೆ ಕೊಡು. ಗೇಮಿಂಗ್ ಕಂಪನಿಯ ದುಡ್ಡು ಬಂದು ಹೋಗುತ್ತೆ. ನಿನಗೆ ತಿಂಗಳಿಗೆ ಇಷ್ಟು." ಫೀಸು ಕಟ್ಟಲು ಕಷ್ಟ ಇರುವವರನ್ನೇ ಹುಡುಕಿಕೊಂಡು ಬರುತ್ತಾರೆ. ಟೆಲಿಗ್ರಾಂನಲ್ಲಿ ಪಾರ್ಟ್ ಟೈಮ್ ಕೆಲಸ ಅಂತಲೂ ಬರುತ್ತದೆ. ಮೊದಲು ವಿಡಿಯೊಗೆ ಲೈಕ್ ಒತ್ತಿದರೆ ಐವತ್ತು ನೂರು ಹಾಕುತ್ತಾರೆ, ಆಮೇಲೆ ನಿನ್ನ ಖಾತೆಗೆ ಬಂದ ದುಡ್ಡನ್ನು ಈ ನಂಬರಿಗೆ ಕಳಿಸು ಅನ್ನುತ್ತಾರೆ.

ನನ್ನ ಗೆಳತಿಯ ತಮ್ಮ ಹೀಗೆ ಖಾತೆ ಕೊಟ್ಟಿದ್ದ. ಬೇರೆ ರಾಜ್ಯದ ಪೊಲೀಸರು ಮನೆ ಹುಡುಕಿಕೊಂಡು ಬಂದರು. ಅವನಿಗೆ ಅದು ಯಾರ ದುಡ್ಡು ಅಂತಲೂ ಗೊತ್ತಿರಲಿಲ್ಲ. ಆದರೆ ಖಾತೆ ಅವನದು, ಸಿಮ್ ಅವನದು, ಕೆವೈಸಿಯಲ್ಲಿ ಇರುವ ಫೋಟೊ ಅವನದು. ಕ್ಯಾಂಪಸ್ ಇಂಟರ್‌ವ್ಯೂ ಬಿಟ್ಟು ಕೋರ್ಟಿಗೆ ಓಡಾಡುತ್ತಿದ್ದಾನೆ.

ದಯವಿಟ್ಟು ಮನೆಯಲ್ಲಿ ಕಾಲೇಜಿಗೆ ಹೋಗುವ ಮಕ್ಕಳಿದ್ದರೆ ಬೈಯುವ ದನಿಯಲ್ಲಿ ಅಲ್ಲ, ಕೂತು ಮಾತಾಡಿ. ನಿಮ್ಮ ಹೆಸರಲ್ಲಿ ಎಷ್ಟು ಸಿಮ್ ಇವೆ ಅಂತ ಸಂಚಾರ್ ಸಾಥಿಯಲ್ಲಿ ನೋಡಬಹುದು. ನಿಮ್ಮದಲ್ಲದ್ದು ಕಂಡರೆ ಅಲ್ಲೇ "ನನ್ನದಲ್ಲ" ಅಂತ ಒತ್ತಬಹುದು. ನಮ್ಮ ಕ್ಲಾಸಿನವರು ಎಲ್ಲರೂ ನೋಡಿಕೊಂಡೆವು. ಇಬ್ಬರ ಹೆಸರಲ್ಲಿ ಗೊತ್ತಿಲ್ಲದ ನಂಬರ್ ಸಿಕ್ಕಿತು.

ಕಡೂರು_ಅಮ್ಮ

ನನಗೆ ಜಾಸ್ತಿ ಬರೆಯಲು ಬರುವುದಿಲ್ಲ. ಗೃಹಲಕ್ಷ್ಮಿ ದುಡ್ಡು ನಿಂತಿದೆ, ಸರಿ ಮಾಡಿಕೊಡ್ತೀವಿ, ಪಿನ್ ಒತ್ತಿ ಅಂತ ಫೋನ್ ಬರುತ್ತೆ. ದುಡ್ಡು ನಮಗೆ ಬರೋಕೆ ಪಿನ್ ಬೇಕಾ ಬೇಡವಾ? ಮಗ ಬೇಡ ಅಂತಾನೆ. ಇಲ್ಲಿ ತಿಳಿದವರು ಹೇಳಿ.

ಬ್ಯಾಂಕ್_ಕೌಂಟರ್

ಬೇಡಮ್ಮ. ನಿಮ್ಮ ಮಗ ಹೇಳಿದ್ದೇ ಸರಿ. ದುಡ್ಡು ಬರೋದಕ್ಕೆ ಯಾವತ್ತೂ ಯುಪಿಐ ಪಿನ್ ಬೇಡ, ಸ್ಕ್ಯಾನ್ ಕೂಡ ಬೇಡ. ಪಿನ್ ಒತ್ತಿದರೆ ದುಡ್ಡು ಹೊರಗೆ ಹೋಗುತ್ತದೆ, ಇಲ್ಲವೇ ಬ್ಯಾಲೆನ್ಸ್ ತೋರಿಸುತ್ತದೆ, ಅಷ್ಟೇ. ಗೃಹಲಕ್ಷ್ಮಿಯ 2000 ರೂಪಾಯಿ ಸರ್ಕಾರದಿಂದ ನೇರವಾಗಿ ಖಾತೆಗೆ ಬರುತ್ತದೆ. ನಿಂತಿದ್ದರೆ ಶಿಶು ಅಭಿವೃದ್ಧಿ ಯೋಜನಾಧಿಕಾರಿ ಕಚೇರಿಯಲ್ಲಿ ಇಲ್ಲವೇ ನಿಮ್ಮ ಅಂಗನವಾಡಿ ಟೀಚರ್ ಹತ್ತಿರ ಕೇಳಿ. ಫೋನಿನಲ್ಲಿ ಯಾರೂ ಸರಿ ಮಾಡಿಕೊಡುವುದಿಲ್ಲ.

ಒಬ್ಬರಿಂದ ಒಬ್ಬರಿಗೆ ಕಳಿಸುತ್ತಿದ್ದ "ಹಣ ಕೋರಿಕೆ"ಯನ್ನು ಯುಪಿಐನಲ್ಲಿ 2025ರ ಅಕ್ಟೋಬರ್ 1ರಿಂದ ನಿಲ್ಲಿಸಿದ್ದಾರೆ. ಆದರೆ ಅಂಗಡಿ, ಕಂಪನಿಗಳ ಹೆಸರಲ್ಲಿ ಕೋರಿಕೆ ಈಗಲೂ ಬರಬಹುದು. ಹಾಗಾಗಿ ಈ ಮಾತನ್ನು ಮರೆಯಬೇಡಿ.

ಇನ್ನೊಂದು ವಿಷಯ, ಹೆಬ್ಬೆಟ್ಟು. ಊರಿನಲ್ಲಿ ಬೆರಳಿಟ್ಟು ಹಣ ತೆಗೆಯುವ ಮಷಿನ್ ಇದೆಯಲ್ಲ, ಅದಕ್ಕೆ ಪಿನ್ನೂ ಬೇಡ, ಒಟಿಪಿಯೂ ಬೇಡ. ಆಧಾರ್ ನಂಬರ್ ಮತ್ತು ಬೆರಳು ಸಾಕು. ಜಮೀನಿನ ಪತ್ರಗಳಿಂದ ಬೆರಳಚ್ಚು ನಕಲು ಮಾಡಿ ಖಾತೆಯಿಂದ ಹಣ ತೆಗೆದ ದೂರುಗಳು 2023ರಲ್ಲಿ ನಮ್ಮ ರಾಜ್ಯದಲ್ಲೇ ಬಂದಿದ್ದವು. ಆಧಾರ್‌ನ ಅಧಿಕೃತ ಆ್ಯಪಿನಲ್ಲಿ ಬಯೋಮೆಟ್ರಿಕ್ ಲಾಕ್ ಮಾಡಿಡಬಹುದು, ಅಂದರೆ ಬೆರಳಚ್ಚು ಕೆಲಸ ಮಾಡದ ಹಾಗೆ ಮುಚ್ಚಿಡಬಹುದು. ರೇಷನ್ನಿಗೋ ಸಿಮ್ಮಿಗೋ ಬೇಕಾದಾಗ ತೆರೆದು, ಆಮೇಲೆ ಮತ್ತೆ ಮುಚ್ಚಬೇಕು. ಆಲೂರಿನ ಅಣ್ಣ, ನಿಮ್ಮ ಕೇಂದ್ರದಲ್ಲಿ ವಯಸ್ಸಾದವರಿಗೆ ಇದನ್ನು ಮಾಡಿಕೊಟ್ಟರೆ ದೊಡ್ಡ ಉಪಕಾರ. ಆದರೆ ಹೇಗೆ ತೆರೆಯುವುದು ಅಂತಲೂ ಕಲಿಸಿಕೊಡಿ. ಇಲ್ಲದಿದ್ದರೆ ನ್ಯಾಯಬೆಲೆ ಅಂಗಡಿ ಮುಂದೆ ಬೆರಳು ತಗೊಳ್ಳದೆ ಪರದಾಡುತ್ತಾರೆ.

ಆಲೂರು_ಸೇವಾಕೇಂದ್ರ

ಖಂಡಿತ ಮಾಡುತ್ತೇನೆ. ಹಾಗೇ ಒಂದು ವಿಷಯ. ಹೆಬ್ಬೆಟ್ಟಿನ ಮಷಿನ್ ಇಟ್ಟುಕೊಂಡವರಲ್ಲೂ ಕೆಲವರು "ತಗೊಳ್ಳಲಿಲ್ಲ, ಇನ್ನೊಂದ್ಸಲ ಇಡಿ ಅಜ್ಜಿ" ಅಂತ ಎರಡು ಸಲ ತೆಗೆದು ಒಂದೇ ಸಲದ ದುಡ್ಡು ಕೊಡುತ್ತಾರೆ. ನಮ್ಮ ಕೆಲಸದ ಮರ್ಯಾದೆಯನ್ನೇ ಕಳೆಯುವ ಜನ ಇವರು. ಪ್ರತಿ ಸಲವೂ ಚೀಟಿ ಕೇಳಿ. ಆಗದಿದ್ದಕ್ಕೂ ಚೀಟಿ ಬರುತ್ತದೆ. ಚೀಟಿ ಕೊಡದವರ ಹತ್ತಿರ ಬೆರಳು ಇಡಬೇಡಿ, ನನ್ನ ಕೇಂದ್ರವಾದರೂ ಅಷ್ಟೇ.

ಹಾನುಬಾಳು_ತೋಟ

ನಮ್ಮಂಥವರ ಇನ್ನೊಂದು ತೊಂದರೆಗೆ ಯಾರಾದರೂ ದಾರಿ ಹೇಳಿ. ತೋಟದಲ್ಲಿ ಸಿಗ್ನಲ್ಲೇ ಇಲ್ಲ. ಮಳೆಗಾಲದಲ್ಲಿ ಕರೆಂಟ್ ಹೋದರೆ ಟವರ್ ಕೂಡ ಸಾಯುತ್ತದೆ. ದುಡ್ಡು ಹೋದ ಮೆಸೇಜ್ ಸಂಜೆ ಪೇಟೆಗೆ ಬಂದಾಗ ಒಟ್ಟಿಗೆ ಬಂದು ಬೀಳುತ್ತದೆ. ಆ ಮೊದಲ ಗಂಟೆ ನಮಗೆ ಎಲ್ಲಿಂದ ಬರಬೇಕು?

ಬ್ಯಾಂಕ್_ಕೌಂಟರ್

ಅಣ್ಣ, ಇದು ನಿಜವಾದ ಕಷ್ಟ. ಪೂರ್ತಿ ಪರಿಹಾರ ನನ್ನ ಹತ್ತಿರ ಇಲ್ಲ, ಆದರೆ ಹಾನಿಯ ಅಳತೆ ಕಡಿಮೆ ಮಾಡಬಹುದು. ಯುಪಿಐಗೆ ಒಂದು ಪ್ರತ್ಯೇಕ ಸಣ್ಣ ಖಾತೆ ಇಡಿ, ವಾರದ ಖರ್ಚಿನಷ್ಟೇ ಅದರಲ್ಲಿರಲಿ. ಕಾಫಿ ದುಡ್ಡು ಬರುವ ಖಾತೆಗೆ ಯುಪಿಐಯನ್ನೂ ಸೇರಿಸಬೇಡಿ, ಎಟಿಎಂ ಕಾರ್ಡನ್ನೂ ತೆಗೆಸಬೇಡಿ. ದಿನದ ಮಿತಿ ಇಳಿಸಿ. ಮನೆಯಲ್ಲಿ ಬ್ರಾಡ್‌ಬ್ಯಾಂಡ್ ಇದ್ದರೆ ಫೋನಿನಲ್ಲಿ ವೈಫೈ ಕಾಲಿಂಗ್ ಆನ್ ಮಾಡಿಡಿ. ಆಗ ಟವರ್ ಇಲ್ಲದೆಯೂ ಕರೆ ಹೋಗುತ್ತದೆ. ಸಿಗ್ನಲ್ ಇರುವ ಪೇಟೆಯಲ್ಲಿ ನಿಂತಾಗಲೂ ನಿಮ್ಮ ಫೋನಿಗೆ ಮಾತ್ರ ನೆಟ್‌ವರ್ಕ್ ಬರುತ್ತಿಲ್ಲ ಅಂದರೆ ಅನುಮಾನ ಪಡಿ. ಯಾರೋ ನಿಮ್ಮ ನಂಬರಿಗೆ ಬೇರೆ ಸಿಮ್ ತೆಗೆದಿರಬಹುದು.

ಕೊಪ್ಪ_ನರ್ಸ್

ದುಡ್ಡಿನ ಮಾತಿನ ಮಧ್ಯೆ ಒಂದು ಜೀವದ ಮಾತು ಸೇರಿಸಲಾ? ಅಣ್ಣನ ಹಾಳೆಯಲ್ಲಿ ಜಾಗ ಇದ್ದರೆ ಇದೂ ಬರಲಿ.

ಮಳೆಗಾಲ, ಚಳಿಗಾಲದಲ್ಲಿ ನಮ್ಮ ಮಲೆನಾಡಿನ ಮನೆಗಳಲ್ಲಿ ಬಚ್ಚಲಿನ ಕಿಟಕಿ ಮುಚ್ಚಿ, ಒಳಗೇ ಗ್ಯಾಸ್ ಗೀಸರ್ ಹಚ್ಚಿ ಸ್ನಾನ ಮಾಡುತ್ತಾರೆ. ಗ್ಯಾಸ್ ಉರಿಯುವಾಗ ಗಾಳಿ ಸಾಲದಿದ್ದರೆ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ತಲೆ ಸುತ್ತಿ ಬೀಳುವವರೆಗೆ ಗೊತ್ತಾಗುವುದಿಲ್ಲ, ಬಿದ್ದ ಮೇಲೆ ಬಾಗಿಲು ತೆಗೆಯಲು ಆಗುವುದಿಲ್ಲ. ಗೀಸರ್ ಬಚ್ಚಲಿನ ಹೊರಗಿರಲಿ. ಆಗದಿದ್ದರೆ ನೀರು ತುಂಬಿಕೊಂಡು, ಆರಿಸಿ, ಆಮೇಲೆ ಸ್ನಾನ. ರಾತ್ರಿ ಕೆಂಡದ ಒಲೆ ಇಟ್ಟುಕೊಂಡು ಕಿಟಕಿ ಮುಚ್ಚಿ ಮಲಗುವುದೂ ಅಷ್ಟೇ ಅಪಾಯ. ಲೈನ್ ಮನೆಗಳಲ್ಲಿ ಇರುವವರಿಗೆ ಇದನ್ನು ತೋಟದವರೇ ಹೇಳಬೇಕು.

ಇನ್ನೊಂದು. 2025ರ ಜೂನ್, ಜುಲೈನಲ್ಲಿ ಹಾಸನದಲ್ಲಿ ಹೃದಯಾಘಾತದ ಸಾವು ಹೆಚ್ಚುತ್ತಿದೆ ಎಂಬ ಸುದ್ದಿಗೆ ಎಷ್ಟು ಜನ ಹೆದರಿ ಮೈಸೂರಿನ ಜಯದೇವ ಹೃದ್ರೋಗ ಆಸ್ಪತ್ರೆಗೆ ಓಡಿದರು, ನೆನಪಿದೆಯಾ? ಸರ್ಕಾರ ಜಯದೇವ ಸಂಸ್ಥೆಯ ನಿರ್ದೇಶಕರ ನೇತೃತ್ವದಲ್ಲಿ ತಜ್ಞರ ಸಮಿತಿ ಮಾಡಿ ಪರಿಶೀಲಿಸಿತು. ಹಾಸನದಲ್ಲಿ ಅಸಹಜ ಏರಿಕೆ ಏನೂ ಇಲ್ಲ ಅಂತ ವರದಿ ಬಂತು. ಆದರೆ ಆ ಹೆದರಿಕೆಯ ದಿನಗಳಲ್ಲಿ ನಮ್ಮ ಕಡೆ ಮನೆ ಬಾಗಿಲಿಗೆ ರಕ್ತನಾಳ ಶುದ್ಧಿ ಮಾಡುವ ಕಷಾಯ ಅಂತ ಮಾರಿಕೊಂಡು ಬಂದವರಿದ್ದರು. ಬಿಪಿ ಮಾತ್ರೆ ಬಿಟ್ಟು ಅದನ್ನು ಕುಡಿದವರನ್ನು ನಾನೇ ವಾರ್ಡಿನಲ್ಲಿ ನೋಡಿದ್ದೇನೆ. ಎದೆನೋವು ಬಂದರೆ 108. ಮಾತ್ರೆ ನಿಲ್ಲಿಸುವುದು ಡಾಕ್ಟರನ್ನು ಕೇಳಿ ಮಾತ್ರ.

ಮೂಡಿಗೆರೆ_ಹೋಂಸ್ಟೇ

ಸಿಸ್ಟರ್, ಗೀಸರ್ ವಿಷಯ ಓದಿದ ಕೂಡಲೇ ನಮ್ಮ ಎರಡು ರೂಮಿನ ಗೀಸರ್ ಹೊರಗೆ ಹಾಕಿಸಲು ಪ್ಲಂಬರ್‌ಗೆ ಹೇಳಿದೆ.

ಅರಕಲಗೂಡು_ಶುಂಠಿ

ಈಗ ನನ್ನ ಪ್ರಶ್ನೆ. ಶುಂಠಿ ಮಾರಿದೆ. ಹೊರಗಿನ ವ್ಯಾಪಾರಿ ಲಾರಿ ತಂದು ತುಂಬಿಸಿಕೊಂಡು, ಅಲ್ಲೇ ನಿಂತು ಖಾತೆಗೆ ಹಣ ಹಾಕಿದ. ಎಲ್ಲ ಸರಿಯಾಗಿತ್ತು. ಸ್ವಲ್ಪ ದಿನದ ಮೇಲೆ ಗೊಬ್ಬರಕ್ಕೆ ದುಡ್ಡು ತೆಗೆಯಲು ಹೋದರೆ ಖಾತೆ ಬಂದ್. ಬೇರೆ ರಾಜ್ಯದ ಯಾವುದೋ ಸೈಬರ್ ದೂರಿನಲ್ಲಿ ಮೋಸದ ಹಣ ನನ್ನ ಖಾತೆಗೆ ಬಂದಿದೆಯಂತೆ. ನಾನು ಯಾರಿಗೂ ಮೋಸ ಮಾಡಿಲ್ಲ, ಶುಂಠಿ ಕೊಟ್ಟು ದುಡ್ಡು ತಗೊಂಡಿದ್ದೇನೆ. ಬ್ಯಾಂಕಿನಲ್ಲಿ ನಮಗೇನೂ ಗೊತ್ತಿಲ್ಲ, ಪೊಲೀಸರನ್ನು ಕೇಳಿ ಎನ್ನುತ್ತಾರೆ. ಊರಿನಲ್ಲಿ ಜನ ಬೇರೆ ಥರ ನೋಡುತ್ತಿದ್ದಾರೆ. ಏನು ಮಾಡಬೇಕು?

ಚಿಕ್ಕಮಗಳೂರು_ವಕೀಲ

ಇದು ಈಗ ಬಹಳ ರೈತರಿಗೆ, ಅಂಗಡಿಯವರಿಗೆ ಆಗುತ್ತಿದೆ. ಮೊದಲನೆಯದಾಗಿ ತಲೆ ತಗ್ಗಿಸಬೇಡಿ. ಕದ್ದ ಹಣವನ್ನು ಕೈ ದಾಟಿಸಲು ಕಳ್ಳರು ಮಾಲು ಕೊಳ್ಳುತ್ತಾರೆ. ಆ ಸರಪಳಿಯಲ್ಲಿ ನಿಮ್ಮ ಖಾತೆ ಸಿಕ್ಕಿಕೊಂಡಿದೆ.

ಬ್ಯಾಂಕಿನಿಂದ ಲಿಖಿತವಾಗಿ ಮೂರು ವಿಷಯ ಕೇಳಿ: ದೂರಿನ ಸಂಖ್ಯೆ, ಯಾವ ರಾಜ್ಯದ ಯಾವ ಠಾಣೆ, ತಕರಾರಿನ ಮೊತ್ತ ಎಷ್ಟು. ಇದನ್ನು ಕೊಡಲು ಅವರಿಗೆ ತೊಂದರೆ ಇಲ್ಲ. ಮೊತ್ತ ಗೊತ್ತಾದ ಮೇಲೆ, ಅಷ್ಟು ಹಣವನ್ನು ಮಾತ್ರ ತಡೆಹಿಡಿದು ಉಳಿದ ಖಾತೆ ಬಿಡಿ ಅಂತ ಅರ್ಜಿ ಕೊಡಿ. ಕೇರಳ ಹೈಕೋರ್ಟ್ 2023ರಲ್ಲೇ ಹೀಗೆ ಆದೇಶ ಮಾಡಿದೆ.

ಆಮೇಲೆ ಆ ಠಾಣೆಯ ತನಿಖಾಧಿಕಾರಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ, ಇಮೇಲಿನಲ್ಲಿ ಎರಡರಲ್ಲೂ ಬರೆಯಿರಿ. ಪಹಣಿ, ಶುಂಠಿ ಬೆಳೆದ ದಾಖಲೆ, ತೂಕದ ಚೀಟಿ, ಲಾರಿ ನಂಬರ್, ವ್ಯಾಪಾರಿಯ ಜೊತೆ ಆಡಿದ ವಾಟ್ಸ್‌ಆ್ಯಪ್ ಮಾತು, ಎಲ್ಲದರ ನಕಲು ಸೇರಿಸಿ. ಫೋನಿನಲ್ಲಿರುವ ಒಂದು ಮೆಸೇಜನ್ನೂ ಅಳಿಸಬೇಡಿ. "ಇಷ್ಟು ಹಣ ಹಾಕಿದರೆ ಖಾತೆ ಬಿಡಿಸಿಕೊಡುತ್ತೇವೆ" ಅಂತ ಪೊಲೀಸರ ಹೆಸರಲ್ಲಿ ಕರೆ ಬಂದರೆ ಕೊಡಬೇಡಿ. ಇದರ ಬೆನ್ನಿಗೇ ಬರುವ ಇನ್ನೊಂದು ಮೋಸ ಅದು.

ಅವರು ಉತ್ತರ ಕೊಡದಿದ್ದರೆ ನ್ಯಾಯಾಲಯದ ದಾರಿ ಇದೆ. ತಡೆಹಿಡಿದ ಸ್ವತ್ತು ಬಿಡಿಸಿಕೊಳ್ಳುವ, ಹಳೆಯ ಸಿಆರ್‌ಪಿಸಿಯ (ದಂಡ ಪ್ರಕ್ರಿಯಾ ಸಂಹಿತೆ) 457ನೇ ಕಲಂ ಈಗ ಅದರ ಜಾಗಕ್ಕೆ ಬಂದಿರುವ ಬಿಎನ್‌ಎಸ್‌ಎಸ್‌ನ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 503. 1930ಕ್ಕೆ ದೂರು ಕೊಟ್ಟು ಹಣ ತಡೆಹಿಡಿಯಲ್ಪಟ್ಟವರು ಆ ಹಣ ವಾಪಸ್ ಪಡೆಯುವುದಕ್ಕೂ ಇದೇ ಕಲಂ ಬಳಕೆಯಾಗುತ್ತದೆ. ವಕೀಲರ ಫೀಸು ಭಾರ ಅನ್ನಿಸಿದರೆ ಹಾಸನದ ಕೋರ್ಟ್ ಆವರಣದಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ. ಆದಾಯದ ಮಿತಿಯೊಳಗೆ ಇರುವವರಿಗೆ, ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಉಚಿತವಾಗಿ ವಕೀಲರನ್ನು ಕೊಡುತ್ತಾರೆ.

ಅರಕಲಗೂಡು_ಶುಂಠಿ

ಸರ್, ತುಂಬಾ ಉಪಕಾರ. ತೂಕದ ಚೀಟಿ ಇದೆ, ಲಾರಿಯ ಫೋಟೊ ಕೂಡ ಇದೆ. ಬಿಲ್ಲು ಮಾತ್ರ ಮಾಡಿಸಿರಲಿಲ್ಲ.

ಚಿಕ್ಕಮಗಳೂರು_ವಕೀಲ

ಪರವಾಗಿಲ್ಲ. ಲಾರಿ ತುಂಬಿಸಿದ ಆಳುಗಳು, ತೂಕ ಹಾಕಿದ ವೇಬ್ರಿಡ್ಜ್‌ನವರು, ಇವರಿಂದ ಹೇಳಿಕೆ ಬರೆಸಿ ಸಹಿ ಹಾಕಿಸಿ. ಇದು ಈ ವಾರವೇ ಆಗಲಿ, ಯಾಕೆಂದರೆ ಆಳುಗಳು ಬೇರೆ ಕಡೆ ಕೆಲಸಕ್ಕೆ ಹೋಗಿಬಿಟ್ಟರೆ ಹುಡುಕುವುದು ಕಷ್ಟ. ನಾಳೆ ಬ್ಯಾಂಕಿಗೆ ಹೋಗುವಾಗ ಒಬ್ಬರೇ ಹೋಗಬೇಡಿ, ಬರೆಯಲು ಓದಲು ಚುರುಕಾಗಿರುವ ಒಬ್ಬರನ್ನು ಕರೆದುಕೊಂಡು ಹೋಗಿ.

ಬ್ಯಾಂಕ್_ಕೌಂಟರ್

ಅರಕಲಗೂಡಿನ ಅಣ್ಣ, ಅರ್ಜಿ ಹೇಗೆ ಬರೆಯುವುದು ಅಂತ ಒಂದು ನಮೂನೆ ಇವತ್ತು ರಾತ್ರಿ ಇಲ್ಲೇ ಹಾಕುತ್ತೇನೆ. ಕನ್ನಡದಲ್ಲೇ ಕೊಡಿ, ತೆಗೆದುಕೊಳ್ಳಲೇಬೇಕು. ಬೆಳಗ್ಗೆ ಬಾಗಿಲು ತೆಗೆದ ಕೂಡಲೇ ಹೋದರೆ ಮ್ಯಾನೇಜರ್ ಸಿಗುತ್ತಾರೆ.